ರೂಪಾಂತರ ಶಿಲೆಗಳ ಉಷ್ಣತಾಮಾಪನ

ಭೂಮಿಯ ಆಳದಲ್ಲಿ ಒಂದು ಶಿಲೆ ಬೆಂದು ಮಾರ್ಪಟ್ಟಾಗ ಅಲ್ಲಿ ಎಷ್ಟು ಕಾವಿತ್ತು ಎಂಬುದನ್ನು ಅದರೊಳಗಿನ ಖನಿಜಗಳ ರಾಸಾಯನಿಕ ಸಂಯೋಜನೆಯಿಂದ ಲೆಕ್ಕಹಾಕುವ ವಿದ್ಯೆಗೆ ಶಿಲಾ ಉಷ್ಣತಾಮಾಪನ ಎಂದು ಹೆಸರು. ಭೂವಿಜ್ಞಾನಿಗಳ ಬಳಕೆಯಲ್ಲಿ ಇದು ಜಿಯೋಥರ್ಮಾಮೆಟ್ರಿ. ಈ ಕೆಲಸಕ್ಕೆ ಒದಗುವ ಖನಿಜ ಅಥವಾ ಖನಿಜ ಜೋಡಿಯೇ ಜಿಯೋಥರ್ಮಾಮೀಟರ್, ಅಂದರೆ ಶಿಲಾ ಉಷ್ಣಮಾಪಕ. ಒಲೆ ಆರಿ ಕೋಟ್ಯಂತರ ವರ್ಷಗಳಾದ ಮೇಲೆ, ಉಳಿದ ಅಡುಗೆಯನ್ನು ನೋಡಿ ಉರಿ ಎಷ್ಟಿತ್ತೆಂದು ಹೇಳುವ ಕೆಲಸ ಇದು.

ಬೇಲೂರು, ಹಳೇಬೀಡಿನ ಶಿಲ್ಪಗಳ ಬಳಪದ ಕಲ್ಲು ರೂಪಾಂತರ ಶಿಲೆ. ಬೆಂಗಳೂರಿನ ಲಾಲ್‌ಬಾಗಿನ ಬಂಡೆ, ಅಂದರೆ ಪೆನಿನ್ಸುಲಾರ್ ನೈಸ್, ಅದೂ ರೂಪಾಂತರ ಶಿಲೆಯೇ. ಮೊದಲನೆಯದು ಉಗುರಿನಿಂದ ಗೀರಿದರೆ ಪುಡಿಯಾಗುವಷ್ಟು ಮೃದು, ನೀರಿನ ಅಂಶವುಳ್ಳ ಟಾಲ್ಕ್ ಮತ್ತು ಕ್ಲೋರೈಟ್ ಖನಿಜಗಳಿಂದ ತುಂಬಿದ್ದು. ಎರಡನೆಯದು ಉಳಿಗೂ ಸುಲಭವಾಗಿ ಬಗ್ಗದು. ಎರಡೂ ಕಾವು, ಒತ್ತಡಗಳಿಂದಲೇ ಹುಟ್ಟಿದವು. ಆದರೆ ಅವು ಕಂಡ ಕಾವು ಒಂದೇ ಅಲ್ಲ. ರೂಪಾಂತರ ಎಂಬ ಒಂದು ಪದದ ಅಡಿಯಲ್ಲಿ ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಿಂದ 1000 ಡಿಗ್ರಿಯ ಆಚೆಯವರೆಗಿನ ವ್ಯಾಪ್ತಿ ಅಡಗಿದೆ. ಈ ವ್ಯಾಪ್ತಿಯಲ್ಲಿ ಒಂದು ಕಲ್ಲು ಎಲ್ಲಿ ನಿಲ್ಲುತ್ತದೆ ಎಂದು ತಿಳಿದರೆ, ಅದು ಎಷ್ಟು ಆಳಕ್ಕೆ ಇಳಿದಿತ್ತು, ಯಾವ ಬಗೆಯ ಭೂಚಲನೆಗೆ ಸಿಕ್ಕಿತ್ತು, ಹೇಗೆ ಮೇಲೆ ಬಂತು ಎಂಬ ಪ್ರಶ್ನೆಗಳಿಗೆ ದಾರಿ ತೆರೆಯುತ್ತದೆ.

ಹಿನ್ನೆಲೆ

ಮೊದಲು ಬಂದದ್ದು ಸಂಖ್ಯೆಯಲ್ಲ, ಅನುಕ್ರಮ. 1893ರಲ್ಲಿ ಜಾರ್ಜ್ ಬ್ಯಾರೋ ಸ್ಕಾಟ್ಲೆಂಡಿನ ಎತ್ತರನಾಡಿನ ಆಗ್ನೇಯ ಭಾಗದಲ್ಲಿ ನಡೆದಾಡುತ್ತ, ಜೇಡಿಮಣ್ಣಿನಿಂದ ಹುಟ್ಟಿದ ಶಿಸ್ಟ್ ಶಿಲೆಗಳಲ್ಲಿ ಕೆಲವು ಖನಿಜಗಳು ಗೊತ್ತಾದ ಸರದಿಯಲ್ಲೇ ಕಾಣಿಸಿಕೊಳ್ಳುವುದನ್ನು ಗುರುತಿಸಿದರು. ಮುಂದೆ ಪೂರ್ಣಗೊಂಡ ಆ ಸರದಿ ಹೀಗಿದೆ: ಕ್ಲೋರೈಟ್, ಬಯೋಟೈಟ್, ಗಾರ್ನೆಟ್, ಸ್ಟಾರೊಲೈಟ್, ಕಯನೈಟ್, ಸಿಲಿಮನೈಟ್. ಸರದಿಯಲ್ಲಿ ಮುಂದೆ ಹೋದಷ್ಟೂ ಕಾವು ಹೆಚ್ಚು ಎಂಬುದು ಸ್ಪಷ್ಟವಿತ್ತು. ಎಷ್ಟು ಹೆಚ್ಚು ಎಂಬುದು ಸ್ಪಷ್ಟವಿರಲಿಲ್ಲ.

1911ರಲ್ಲಿ ವಿ. ಎಂ. ಗೋಲ್ಡ್‌ಸ್ಮಿತ್ ಇಂದಿನ ಓಸ್ಲೋ ಸುತ್ತಿನ ಬಿಸಿ ಶಿಲಾಪಾಕದ ಪಕ್ಕದಲ್ಲಿ ಬೆಂದ ಸಂಪರ್ಕ ರೂಪಾಂತರ ಶಿಲೆಗಳನ್ನು ಅಭ್ಯಾಸಮಾಡಿ, ಇವುಗಳಲ್ಲಿನ ಖನಿಜಗಳು ಯಾದೃಚ್ಛಿಕವಾಗಿ ಸೇರಿಕೊಂಡವಲ್ಲ, ರಾಸಾಯನಿಕ ಸಮತೋಲದ ನಿಯಮಕ್ಕೆ ಒಳಪಟ್ಟವು ಎಂದು ತೋರಿಸಿದರು. ಫಿನ್ಲೆಂಡಿನ ಓರಿಯಾರ್ವಿ ಪ್ರದೇಶದ ಕೆಲಸದಿಂದ ಪೆಂಟಿ ಎಸ್ಕೋಲ 1915ರಲ್ಲಿ ಇದೇ ವಿಚಾರವನ್ನು ಮುಂದಕ್ಕೆ ಒಯ್ದು ರೂಪಾಂತರ ಫೇಸೀಸ್ ಎಂಬ ಕಲ್ಪನೆಯನ್ನು ಕೊಟ್ಟರು. ಹಸಿರುಶಿಸ್ಟ್, ಆಂಫಿಬೋಲೈಟ್, ಗ್ರಾನ್ಯುಲೈಟ್, ಎಕ್ಲೊಜೈಟ್ ಎಂಬ ಹೆಸರುಗಳು ಇಂದಿಗೂ ನಡೆಯುತ್ತಿವೆ. ಆದರೆ ಫೇಸೀಸ್ ಎಂದರೆ ನೂರಾರು ಡಿಗ್ರಿ ಅಗಲದ ಒಂದು ಕೋಣೆ. ಕಲ್ಲು ಯಾವ ಕೋಣೆಯಲ್ಲಿದೆ ಎಂದು ಅದು ಹೇಳುತ್ತದೆ, ಕೋಣೆಯ ಯಾವ ಮೂಲೆಯಲ್ಲಿದೆ ಎಂದು ಹೇಳುವುದಿಲ್ಲ.

ಆ ಮೂಲೆಯನ್ನು ಹುಡುಕಲು ಎರಡು ಸಂಗತಿಗಳು ಕೂಡಿಬರಬೇಕಿತ್ತು. ಒಂದು, ಎರಡು ಖನಿಜಗಳ ನಡುವೆ ಧಾತುಗಳು ಹೇಗೆ ಹಂಚಿಕೆಯಾಗುತ್ತವೆ ಎಂಬ ಸಿದ್ಧಾಂತ. 1950ರ ದಶಕದಲ್ಲಿ ಹಾನ್ಸ್ ರಾಂಬರ್ಗ್, ರಾಲ್ಫ್ ಕ್ರೆಟ್ಜ್ ಮೊದಲಾದವರು ಇದಕ್ಕೆ ತಳಹದಿ ಹಾಕಿದರು. ಇನ್ನೊಂದು, ಒಂದೇ ಹರಳಿನ ಒಂದು ಚುಕ್ಕೆಯ ರಾಸಾಯನಿಕ ವಿಶ್ಲೇಷಣೆ ಮಾಡಬಲ್ಲ ಉಪಕರಣ. ಅದನ್ನು ಫ್ರಾನ್ಸಿನ ರೇಮಂಡ್ ಕಾಸ್ಟೇನ್ ತಮ್ಮ 1951ರ ಪ್ರೌಢಪ್ರಬಂಧದಲ್ಲಿ ವಿವರಿಸಿದರು. ಅದೇ ಎಲೆಕ್ಟ್ರಾನ್ ಮೈಕ್ರೊಪ್ರೋಬ್. ಅದಕ್ಕೂ ಮುಂಚೆ ಕಲ್ಲನ್ನು ಪುಡಿಮಾಡಿ, ಖನಿಜದ ಹರಳುಗಳನ್ನು ಒಂದೊಂದಾಗಿ ಆರಿಸಿ ಒಟ್ಟಿಗೆ ಕರಗಿಸಿ ವಿಶ್ಲೇಷಿಸಬೇಕಿತ್ತು. ಹರಳಿನ ನಡುವಿಗೂ ಅಂಚಿಗೂ ಇರುವ ವ್ಯತ್ಯಾಸ ಆ ಪುಡಿಯಲ್ಲಿ ಮಾಯವಾಗುತ್ತಿತ್ತು.

ತತ್ವ

ಬಹುಪಾಲು ಶಿಲಾ ಉಷ್ಣಮಾಪಕಗಳು ವಿನಿಮಯದ ಮೇಲೆ ನಿಂತಿವೆ. ಕಬ್ಬಿಣ ಮತ್ತು ಮೆಗ್ನೀಸಿಯಮ್ ಅಯಾನುಗಳ ಗಾತ್ರ ಹೆಚ್ಚುಕಡಿಮೆ ಒಂದೇ, ವಿದ್ಯುದಾವೇಶವೂ ಒಂದೇ. ಹಾಗಾಗಿ ಒಂದರ ಜಾಗದಲ್ಲಿ ಮತ್ತೊಂದು ಕೂರಬಲ್ಲದು. ಗಾರ್ನೆಟ್ ಮತ್ತು ಬಯೋಟೈಟ್ ಅಕ್ಕಪಕ್ಕದಲ್ಲಿದ್ದಾಗ ಇವೆರಡೂ ಈ ಅಯಾನುಗಳನ್ನು ಹಂಚಿಕೊಳ್ಳುತ್ತವೆ. ಬಯೋಟೈಟ್ ಎಂದರೆ ನಮ್ಮ ಹಳ್ಳಿಗಳಲ್ಲಿ ಕಾಗೆಬಂಗಾರ ಎನ್ನುವ ಅಭ್ರಕದ ಕಪ್ಪು ಬಗೆ. ಗಾರ್ನೆಟ್ಟಿಗೆ ಕಬ್ಬಿಣದ ಒಲವು, ಬಯೋಟೈಟಿಗೆ ಮೆಗ್ನೀಸಿಯಮ್ಮಿನ ಒಲವು. ಕಾವು ಕಡಿಮೆಯಿದ್ದಾಗ ಈ ಒಲವು ಬಲವಾಗಿರುತ್ತದೆ. ಕಾವು ಏರಿದಂತೆ ಸಡಿಲಗೊಂಡು, ಹೆಚ್ಚು ಹೆಚ್ಚು ಮೆಗ್ನೀಸಿಯಮ್ ಗಾರ್ನೆಟ್ಟಿಗೆ ಸೇರುತ್ತದೆ. ಆದ್ದರಿಂದ ಎರಡೂ ಖನಿಜಗಳಲ್ಲಿನ ಮೆಗ್ನೀಸಿಯಮ್-ಕಬ್ಬಿಣ ಅನುಪಾತಗಳನ್ನು ಹೋಲಿಸಿದರೆ ಸಿಗುವ ಹಂಚಿಕೆ ಗುಣಾಂಕವೇ ಕಾವಿನ ಗುರುತು.

ಈ ವಿನಿಮಯದಲ್ಲಿ ಹೊಸ ಖನಿಜ ಹುಟ್ಟುವುದಿಲ್ಲ, ಹಳೆಯದು ಅಳಿಯುವುದಿಲ್ಲ, ಗಾತ್ರವೂ ಹೆಚ್ಚೇನೂ ಬದಲಾಗುವುದಿಲ್ಲ. ಗಾತ್ರ ಬದಲಾಗದ ಕ್ರಿಯೆಯ ಮೇಲೆ ಒತ್ತಡದ ಹಿಡಿತ ಕಡಿಮೆ. ಉಷ್ಣಮಾಪಕಕ್ಕೆ ಬೇಕಾದ ಗುಣ ಇದೇ: ಕಾವಿಗೆ ಮಿಡಿಯಬೇಕು, ಒತ್ತಡಕ್ಕೆ ಕಿವುಡಾಗಿರಬೇಕು. ಒತ್ತಡ ಅಳೆಯಲು ಇದಕ್ಕೆ ವಿರುದ್ಧವಾದ, ಗಾತ್ರ ಬಹಳ ಕುಗ್ಗುವ ಕ್ರಿಯೆಗಳನ್ನು ಆಯ್ದುಕೊಳ್ಳುತ್ತಾರೆ. ಎರಡನ್ನೂ ಕೂಡಿಸಿದಾಗ ಶಿಲೆಯ ಕಾವೂ ಆಳವೂ ಒಟ್ಟಿಗೆ ದೊರೆಯುತ್ತವೆ.

ಗಾರ್ನೆಟ್-ಬಯೋಟೈಟ್ ಜೋಡಿ

1978ರಲ್ಲಿ ಜಾನ್ ಫೆರ್ರಿ ಮತ್ತು ಫ್ರ್ಯಾಂಕ್ ಸ್ಪಿಯರ್ ಈ ಜೋಡಿಯನ್ನು ಪ್ರಯೋಗಾಲಯದಲ್ಲಿ ಅಳತೆಗೆ ಕಟ್ಟಿದರು. 2.07 ಕಿಲೋಬಾರ್ ಒತ್ತಡದಲ್ಲಿ, 550ರಿಂದ 800 ಡಿಗ್ರಿ ಕಾವಿನಲ್ಲಿ, ಗಾರ್ನೆಟ್ಟನ್ನು 98 ಪಾಲು, ಬಯೋಟೈಟನ್ನು ಬರೀ 2 ಪಾಲು ಇಟ್ಟು ಕಾಯಿಸಿದರು. ಗಾರ್ನೆಟ್ ಅಷ್ಟು ಹೆಚ್ಚಿದ್ದರೆ ಅದರ ಸಂಯೋಜನೆ ಬದಲಾಗದೆ ನಿಲ್ಲುತ್ತದೆ, ಬಯೋಟೈಟ್ ಒಂದೇ ಅದಕ್ಕೆ ಹೊಂದಿಕೊಳ್ಳುತ್ತದೆ. ಹೊಂದಿಕೊಂಡ ಬಯೋಟೈಟನ್ನು ಅಳೆದಾಗ ಆ ಕಾವಿನ ಹಂಚಿಕೆ ಗುಣಾಂಕ ಸಿಕ್ಕಿತು. ಇದರಿಂದ ಬಂದ ಸೂತ್ರ ಸರಳ. 0.782ರಿಂದ ಗುಣಾಂಕದ ಸ್ವಾಭಾವಿಕ ಲಾಗರಿದಮ್ ಕಳೆದು, ಬಂದ ಸಂಖ್ಯೆಯಿಂದ 2109ನ್ನು ಭಾಗಿಸಿದರೆ ಕೆಲ್ವಿನ್ ಮಾನದಲ್ಲಿ ಉಷ್ಣತೆ ದೊರೆಯುತ್ತದೆ.

ಒಂದು ಮಾದರಿ ಲೆಕ್ಕ ನೋಡಬಹುದು. ಗಾರ್ನೆಟ್ಟಿನಲ್ಲಿ ಮೆಗ್ನೀಸಿಯಮ್-ಕಬ್ಬಿಣ ಅನುಪಾತ 0.15, ಬಯೋಟೈಟಿನಲ್ಲಿ 0.90 ಎಂದುಕೊಳ್ಳಿ. ಗುಣಾಂಕ 0.167, ಅದರ ಲಾಗರಿದಮ್ ಋಣ 1.79. ಭಾಗಾಕಾರ ಮಾಡಿದರೆ ಸುಮಾರು 819 ಕೆಲ್ವಿನ್, ಅಂದರೆ 546 ಡಿಗ್ರಿ ಸೆಲ್ಸಿಯಸ್. ಈ ಸರಳ ಸೂತ್ರ 2.07 ಕಿಲೋಬಾರಿನದು. ಒತ್ತಡವನ್ನೂ ಲೆಕ್ಕಕ್ಕೆ ಹಿಡಿಯುವ ಪೂರ್ಣ ಸೂತ್ರದಲ್ಲಿ ಅದರ ಬದಲು 6 ಕಿಲೋಬಾರ್ ಇಟ್ಟರೆ ಉತ್ತರ 561 ಡಿಗ್ರಿ. ಸುಮಾರು 4 ಕಿಲೋಬಾರ್ ಏರಿದರೂ ಬದಲಾದದ್ದು 15 ಡಿಗ್ರಿ ಮಾತ್ರ. ಆದರೆ ಬಯೋಟೈಟಿನ ಅನುಪಾತವನ್ನು 0.90ರ ಬದಲು 1.00 ಎಂದು ಅಳೆದಿದ್ದರೆ, ಮೊದಲಿನ ಒತ್ತಡದಲ್ಲೇ ಉತ್ತರ 514 ಡಿಗ್ರಿಗೆ ಇಳಿಯುತ್ತಿತ್ತು. ಅಳತೆಯ ಶುದ್ಧಿ ಎಷ್ಟು ಮುಖ್ಯ ಎಂಬುದು ಇಷ್ಟರಲ್ಲೇ ಗೊತ್ತಾಗುತ್ತದೆ.

ಅಳತೆ ನಡೆಯುವ ಬಗೆ

ಕಲ್ಲಿನ ಸೀಳನ್ನು ಗಾಜಿನ ಮೇಲೆ ಅಂಟಿಸಿ, 0.03 ಮಿಲಿಮೀಟರ್ ದಪ್ಪದ ತೆಳುಸೀಳಾಗುವವರೆಗೆ ಸವೆಸಿ ಕನ್ನಡಿಯಂತೆ ನುಣುಪು ಕೊಡುತ್ತಾರೆ. ಸೂಕ್ಷ್ಮದರ್ಶಕದ ಕೆಳಗೆ ಗಾರ್ನೆಟ್ ದುಂಡಗೆ, ಸುತ್ತಲಿನ ಖನಿಜಗಳಿಗಿಂತ ಉಬ್ಬಿದಂತೆ, ನಸುಗೆಂಪಾಗಿ ಅಥವಾ ಬಣ್ಣವಿಲ್ಲದೆ ಕಾಣುತ್ತದೆ. ಅದರ ಸುತ್ತ ಬಯೋಟೈಟಿನ ಪಟ್ಟಿಗಳು ಬಾಗಿ ಹರಿದಿರುತ್ತವೆ. ತೆಳುಸೀಳನ್ನು ತಿರುಗಿಸಿದರೆ ಬಯೋಟೈಟ್ ತಿಳಿಹಳದಿಯಿಂದ ಕಡುಕಂದಿಗೆ ತಿರುಗುತ್ತದೆ. ಧ್ರುವೀಕಾರಕಗಳನ್ನು ಅಡ್ಡಲಾಗಿ ಇಟ್ಟರೆ ಗಾರ್ನೆಟ್ ಪೂರಾ ಕಪ್ಪಾಗಿ, ತಿರುಗಿಸಿದರೂ ಹಾಗೆಯೇ ಉಳಿಯುತ್ತದೆ.

ಉಷ್ಣತಾಮಾಪನದ ಅರ್ಧ ಕೆಲಸ ನಡೆಯುವುದು ಇಲ್ಲೇ. ಗಾರ್ನೆಟ್ ಮತ್ತು ಬಯೋಟೈಟ್ ಒಂದೇ ಕಾಲದಲ್ಲಿ ಬೆಳೆದವೇ? ಗಾರ್ನೆಟ್ಟಿನ ಅಂಚು ಸವೆದು ಕ್ಲೋರೈಟ್ ಆಗಿದೆಯೇ? ಬಯೋಟೈಟ್ ಗಾರ್ನೆಟ್ಟಿನ ಹೊಟ್ಟೆಯೊಳಗೆ ಸಿಕ್ಕಿಕೊಂಡಿದೆಯೇ, ಹೊರಗಿದೆಯೇ? ಇವಕ್ಕೆ ಉತ್ತರ ಕಂಡುಕೊಳ್ಳದೆ ಯಂತ್ರದ ಮುಂದೆ ಕೂತವರಿಗೂ ಸಂಖ್ಯೆ ಸಿಗುತ್ತದೆ, ಆದರೆ ಅದು ಯಾವುದರ ಸಂಖ್ಯೆ ಎಂದು ತಿಳಿಯುವುದಿಲ್ಲ.

ಆಮೇಲೆ ತೆಳುಸೀಳಿಗೆ ಇಂಗಾಲದ ತೆಳು ಲೇಪ ಕೊಟ್ಟು ಮೈಕ್ರೊಪ್ರೋಬಿಗೆ ಹಾಕುತ್ತಾರೆ. ಸಾಮಾನ್ಯವಾಗಿ 15 ಕಿಲೋವೋಲ್ಟ್ ವಿಭವದಿಂದ ವೇಗ ಪಡೆದ ಎಲೆಕ್ಟ್ರಾನ್ ಕಿರಣ ಸುಮಾರು ಒಂದು ಮೈಕ್ರೊಮೀಟರ್ ಅಗಲದ ಚುಕ್ಕೆಗೆ ಬಡಿಯುತ್ತದೆ. ಅಲ್ಲಿನ ಪ್ರತಿ ಧಾತುವೂ ತನ್ನದೇ ತರಂಗಾಂತರದ ಕ್ಷಕಿರಣ ಸೂಸುತ್ತದೆ. ಅದರ ತೀವ್ರತೆಯನ್ನು ಸಂಯೋಜನೆ ಗೊತ್ತಿರುವ ಮಾನಕ ಖನಿಜದ ತೀವ್ರತೆಯೊಂದಿಗೆ ತಾಳೆ ನೋಡಿ ಪ್ರಮಾಣ ಕಂಡುಹಿಡಿಯುತ್ತಾರೆ. ಮೈಕ್ರೊಪ್ರೋಬಿಗೆ ಒಂದು ಮಿತಿಯಿದೆ: ಸಾಮಾನ್ಯ ವಿಶ್ಲೇಷಣೆಯಲ್ಲಿ ಅದು ಒಟ್ಟು ಕಬ್ಬಿಣವನ್ನು ಹೇಳುತ್ತದೆಯೇ ಹೊರತು ಅದರಲ್ಲಿ ಫೆರಸ್ ಎಷ್ಟು, ಫೆರಿಕ್ ಎಷ್ಟು ಎಂದು ಬಿಡಿಸಿ ಹೇಳುವುದಿಲ್ಲ. ವಿನಿಮಯದಲ್ಲಿ ಪಾಲ್ಗೊಳ್ಳುವುದು ಫೆರಸ್ ಕಬ್ಬಿಣ ಮಾತ್ರ. ಬಯೋಟೈಟಿನಲ್ಲೂ ಪೈರಾಕ್ಸೀನ್ ಗುಂಪಿನ ಖನಿಜಗಳಲ್ಲೂ ಈ ತೊಡಕು ಹತ್ತಾರು ಡಿಗ್ರಿಗಳ ದೋಷಕ್ಕೆ ಕಾರಣವಾಗಬಲ್ಲದು.

ಗಾರ್ನೆಟ್ಟಿನಲ್ಲಿ ಕ್ಯಾಲ್ಸಿಯಮ್, ಮ್ಯಾಂಗನೀಸ್ ಹೆಚ್ಚಿದ್ದರೆ, ಬಯೋಟೈಟಿನಲ್ಲಿ ಟೈಟಾನಿಯಮ್, ಅಲ್ಯುಮಿನಿಯಮ್ ಹೆಚ್ಚಿದ್ದರೆ ಸರಳ ಸೂತ್ರ ದಾರಿ ತಪ್ಪುತ್ತದೆ. ಗಾರ್ನೆಟ್ಟಿನಲ್ಲಿ ಆ ಎರಡು ಧಾತುಗಳ ಪಾಲು ಐದರಲ್ಲಿ ಒಂದನ್ನು ಮೀರಬಾರದೆಂದು ಫೆರ್ರಿ ಮತ್ತು ಸ್ಪಿಯರ್ ತಾವೇ ಎಚ್ಚರಿಸಿದ್ದರು. ನಂತರ ಬಂದ ಹಲವು ತಿದ್ದುಪಡಿ ಸೂತ್ರಗಳು ಈ ಬೆರಕೆಯ ಪರಿಣಾಮವನ್ನು ಲೆಕ್ಕಕ್ಕೆ ಹಿಡಿದವು.

ತಾಳೆ ನೋಡುವ ಬಿಂದು

ಸಾಧಾರಣ ಉಷ್ಣಮಾಪಕವನ್ನು ಕರಗುವ ಮಂಜುಗಡ್ಡೆ, ಕುದಿಯುವ ನೀರುಗಳಿಂದ ಪರೀಕ್ಷಿಸುತ್ತಾರೆ. ಶಿಲೆಗಳಿಗೆ ಅಂಥ ಒಂದು ಸ್ಥಿರಬಿಂದು ಒದಗಿದ್ದು ಆಂಡಲುಸೈಟ್, ಕಯನೈಟ್, ಸಿಲಿಮನೈಟ್ ಎಂಬ ಮೂರು ಖನಿಜಗಳಿಂದ. ಮೂರರ ರಾಸಾಯನಿಕ ಸೂತ್ರವೂ ಒಂದೇ. ಹರಳಿನ ರಚನೆ ಮಾತ್ರ ಬೇರೆ. ಮೂರೂ ಒಟ್ಟಿಗೆ ಸಮತೋಲದಲ್ಲಿ ನಿಲ್ಲುವುದು ಒಂದೇ ಒಂದು ಕಾವು-ಒತ್ತಡದ ಬಿಂದುವಿನಲ್ಲಿ. ಹೋಲ್ಡವೇ 1971ರಲ್ಲಿ ಅದನ್ನು 501 ಡಿಗ್ರಿ, 3.76 ಕಿಲೋಬಾರ್ ಎಂದು ನಿಗದಿಪಡಿಸಿದರು. ಅಮೆರಿಕದ ನ್ಯೂ ಹ್ಯಾಂಪ್‌ಶೈರಿನ ಮೂಸಿಲಾಕ್ ಬೆಟ್ಟದ ಶಿಸ್ಟ್‌ಗಳು ಈ ಬಿಂದುವಿನ ಆಸುಪಾಸಿನವು. 1982ರಲ್ಲಿ ಹಾಜಸ್ ಮತ್ತು ಸ್ಪಿಯರ್ ಅಲ್ಲಿನ ಗಾರ್ನೆಟ್-ಬಯೋಟೈಟ್ ಜೋಡಿಗಳನ್ನು ಇದಕ್ಕೆ ಒರೆಹಚ್ಚಿ ಸೂತ್ರವನ್ನು ಪರಿಷ್ಕರಿಸಿದರು.

ಇತರ ಉಷ್ಣಮಾಪಕಗಳು

ಪ್ರತಿ ಶಿಲೆಯಲ್ಲೂ ಗಾರ್ನೆಟ್ ಮತ್ತು ಬಯೋಟೈಟ್ ಇರುವುದಿಲ್ಲ. ಎಕ್ಲೊಜೈಟ್‌ನಂಥ ಶಿಲೆಗಳಿಗೆ ಗಾರ್ನೆಟ್-ಕ್ಲೈನೊಪೈರಾಕ್ಸೀನ್ ಜೋಡಿಯಿದೆ. ಎಲ್ಲಿಸ್ ಮತ್ತು ಗ್ರೀನ್ 1979ರಲ್ಲಿ ಕೊಟ್ಟ ಸೂತ್ರ ದಶಕಗಳ ಕಾಲ ಬಳಕೆಯಲ್ಲಿತ್ತು.

ಕೆಲವು ಉಷ್ಣಮಾಪಕಗಳು ವಿನಿಮಯದ ಮೇಲಲ್ಲ, ಬೆರೆಯುವ ಮಿತಿಯ ಮೇಲೆ ನಿಂತಿವೆ. ಬಿಸಿ ನೀರಿನಲ್ಲಿ ಹೆಚ್ಚು ಸಕ್ಕರೆ ಕರಗುವಂತೆ, ಕಾವು ಏರಿದಂತೆ ಎರಡು ಪೈರಾಕ್ಸೀನ್‌ಗಳು ಒಂದರೊಳಗೊಂದು ಹೆಚ್ಚು ಬೆರೆಯುತ್ತವೆ. ಕ್ಯಾಲ್ಸೈಟ್ ಕೂಡ ಡಾಲೊಮೈಟ್ ಜೊತೆಗಿದ್ದಾಗ ಕಾವಿಗೆ ತಕ್ಕಷ್ಟು ಮೆಗ್ನೀಸಿಯಮ್ ಹಿಡಿದಿಟ್ಟುಕೊಳ್ಳುತ್ತದೆ. ಅಮೃತಶಿಲೆಗಳಿಗೆ ಇದು ಅನುಕೂಲ. ಆದರೆ ತಣಿಯುವಾಗ ಬೆರೆತದ್ದು ಬೇರೆಯಾಗಿ ಹರಳಿನೊಳಗೆ ಸಣ್ಣ ಗೆರೆಗಳಾಗಿ ಕೂರುತ್ತದೆ. ಆಗ ಕಿರಣವನ್ನು ಅಗಲಿಸಿ, ಗೆರೆಯನ್ನೂ ಆತಿಥೇಯ ಹರಳನ್ನೂ ಒಟ್ಟಿಗೆ ಅಳೆದು ಮೊದಲಿನ ಸಂಯೋಜನೆಯನ್ನು ಮರಳಿ ಕಟ್ಟಬೇಕು. ಗೆರೆ ತಪ್ಪಿಸಿ ಅಳೆದರೆ ತಣಿದ ಮೇಲಿನ ಕಾವು ಸಿಗುತ್ತದೆ.

ಈ ಶತಮಾನದ ದೊಡ್ಡ ಸೇರ್ಪಡೆ ಸೂಕ್ಷ್ಮಪ್ರಮಾಣದ ಧಾತುಗಳು. ಬೆಣಚುಕಲ್ಲು ಮತ್ತು ಜಿರ್ಕಾನ್ ಜೊತೆಗಿರುವ ರೂಟೈಲ್ ಖನಿಜದಲ್ಲಿ ಜಿರ್ಕೋನಿಯಮ್ ಎಷ್ಟಿದೆ ಎಂಬುದು ಕಾವಿನ ಮೇಲೆ ನಿಂತಿದೆ. ವಾಟ್ಸನ್, ವಾರ್ಕ್ ಮತ್ತು ಥಾಮಸ್ 2006ರಲ್ಲಿ ಪ್ರಕಟಿಸಿದ ಸೂತ್ರದಂತೆ 600 ಡಿಗ್ರಿಯಲ್ಲಿ ಹತ್ತು ಲಕ್ಷಕ್ಕೆ ಸುಮಾರು 170 ಭಾಗ ಇರುವ ಜಿರ್ಕೋನಿಯಮ್, 900 ಡಿಗ್ರಿಯಲ್ಲಿ ಸುಮಾರು 3500 ಭಾಗಕ್ಕೆ ಏರುತ್ತದೆ. ಇಪ್ಪತ್ತು ಪಟ್ಟು ಏರಿಕೆ ಅಳೆಯುವವರಿಗೆ ವರದಾನ. ಜಿರ್ಕಾನ್ ಮತ್ತು ಬೆಣಚುಕಲ್ಲಿನಲ್ಲಿರುವ ಟೈಟಾನಿಯಮ್ ಆಧರಿಸಿಯೂ ಇಂಥವೇ ಉಷ್ಣಮಾಪಕಗಳು ಬಂದಿವೆ. ಜಿರ್ಕಾನ್ ತನ್ನ ವಯಸ್ಸನ್ನೂ ಹೇಳುವ ಖನಿಜವಾದ್ದರಿಂದ ಕಾಲ ಮತ್ತು ಕಾವು ಒಂದೇ ಹರಳಿನಲ್ಲಿ ಸಿಗುತ್ತವೆ.

ಬಿಡಿ ಸೂತ್ರಗಳ ಜಾಗಕ್ಕೆ ಈಗ ಸಮಗ್ರ ಲೆಕ್ಕಗಳೂ ಬಂದಿವೆ. ರೋಜರ್ ಪೊವೆಲ್ ಮತ್ತು ಟಿಮ್ ಹಾಲೆಂಡ್ 1980ರ ದಶಕದಿಂದ ಬೆಳೆಸಿದ ಥರ್ಮೊಕ್ಯಾಲ್ಕ್, ಜೇಮ್ಸ್ ಕಾನಲಿಯವರ ಪರ್ಪ್ಲೆಕ್ಸ್ ಮೊದಲಾದ ತಂತ್ರಾಂಶಗಳು ಖನಿಜಗಳ ಶಕ್ತಿದತ್ತಾಂಶ ಬಳಸಿ, ಒಂದು ಶಿಲೆಯ ಒಟ್ಟು ಸಂಯೋಜನೆಗೆ ಯಾವ ಕಾವು-ಒತ್ತಡದಲ್ಲಿ ಯಾವ ಖನಿಜಗಳ ಗುಂಪು ಸ್ಥಿರ ಎಂಬ ನಕ್ಷೆ ಬಿಡಿಸುತ್ತವೆ.

ಕಲ್ಲಿಗೆ ನೆನಪಿರುವುದು ಯಾವ ಕಾವು?

ಇಡೀ ವಿದ್ಯೆಯ ಕಠಿಣ ಪ್ರಶ್ನೆ ಇದು. ಉಷ್ಣಮಾಪಕ ಹೇಳುವುದು ಕಲ್ಲು ಕಂಡ ಅತಿ ಹೆಚ್ಚಿನ ಕಾವನ್ನೇ ಎಂದು ಭಾವಿಸುವುದು ಸಹಜ. ನಿಜಕ್ಕೂ ಅದು ಹೇಳುವುದು, ಆ ಎರಡು ಖನಿಜಗಳು ವಿನಿಮಯ ನಿಲ್ಲಿಸಿದಾಗ ಇದ್ದ ಕಾವನ್ನು.

ಮಧ್ಯಮ ಕಾವಿನಲ್ಲಿ ಬೆಳೆದ ಗಾರ್ನೆಟ್ಟಿನೊಳಗೆ ಧಾತುಗಳ ಸಂಚಾರ ಬಲು ನಿಧಾನ. ಹರಳಿನ ನಡುವಿನಲ್ಲಿ ಮ್ಯಾಂಗನೀಸ್ ಹೆಚ್ಚು, ಅಂಚಿನತ್ತ ಕಡಿಮೆ ಆಗುತ್ತ ಗಂಟೆಯಾಕಾರದ ರೇಖೆ ಸಿಗುತ್ತದೆ. ಮರದ ಬೆಳವಣಿಗೆಯ ಉಂಗುರಗಳಂತೆ ಇದು ಕಾವು ಏರಿದ ಚರಿತ್ರೆಯನ್ನು ಕಾಯ್ದಿಡುತ್ತದೆ. ಕಾವು 650-700 ಡಿಗ್ರಿ ದಾಟಿ ಸಾಕಷ್ಟು ಕಾಲ ನಿಂತರೆ ಉಂಗುರಗಳು ಅಳಿಸಿಹೋಗಿ ಗಾರ್ನೆಟ್ ಒಳಗೆಲ್ಲ ಒಂದೇ ಸಮನಾಗುತ್ತದೆ. ನಂತರ ತಣಿಯುವಾಗ, ಅಂಚು ಪಕ್ಕದ ಬಯೋಟೈಟಿನೊಂದಿಗೆ ವಿನಿಮಯ ಮುಂದುವರಿಸುತ್ತದೆ. ಅಂಥ ಅಂಚನ್ನು ಅಳೆದರೆ ಶಿಖರ ಕಾವಿಗಿಂತ ಕಡಿಮೆ ಉತ್ತರ ಬರುತ್ತದೆ.

ಇದಕ್ಕೆ ತದ್ವಿರುದ್ಧವಾದ ತಪ್ಪೂ ಉಂಟು. ತಣಿಯುವಾಗ ಗಾರ್ನೆಟ್ ಕರಗಿ ಅದರ ಕಬ್ಬಿಣ ಬಯೋಟೈಟಿಗೆ ಸೇರಿದರೆ, ಬಯೋಟೈಟಿನ ಅನುಪಾತ ಕೆಡುತ್ತದೆ. ಅಂಥ ಬಯೋಟೈಟನ್ನು ಗಾರ್ನೆಟ್ಟಿನ ನಡುಭಾಗದೊಂದಿಗೆ ಜೋಡಿಸಿದರೆ ಎಂದೂ ಇರದಿದ್ದ ಹೆಚ್ಚಿನ ಕಾವು ಸಿಗುತ್ತದೆ. ಕೋನ್ ಮತ್ತು ಸ್ಪಿಯರ್ 2000ದಲ್ಲಿ ಈ ಬಲೆಯನ್ನು ವಿವರವಾಗಿ ತೋರಿಸಿದರು. ಅದಕ್ಕೂ ಮುನ್ನ, 1989ರಲ್ಲಿ, ಫ್ರಾಸ್ಟ್ ಮತ್ತು ಚಾಕೊ ಗ್ರಾನ್ಯುಲೈಟ್‌ಗಳ ವಿಚಾರದಲ್ಲಿ ಇನ್ನೊಂದು ಎಚ್ಚರಿಕೆ ಕೊಟ್ಟಿದ್ದರು: ಅಷ್ಟು ಬಿಸಿಯಾದ ಶಿಲೆಗಳಲ್ಲಿ ಕಬ್ಬಿಣ-ಮೆಗ್ನೀಸಿಯಮ್ ವಿನಿಮಯ ತಣಿಯುವಾಗಲೂ ನಡೆಯುತ್ತಲೇ ಇರುವುದರಿಂದ, ಆ ಉಷ್ಣಮಾಪಕಗಳಿಂದ ಶಿಖರ ಕಾವು ಸಿಗುವುದು ಅನುಮಾನ. ಇದಕ್ಕೆ ಅವರು ಗ್ರಾನ್ಯುಲೈಟ್ ಅನಿಶ್ಚಿತತಾ ತತ್ವ ಎಂದೇ ಹೆಸರಿಟ್ಟರು. ಅಂಟಾರ್ಕ್ಟಿಕದ ನೇಪಿಯರ್ ಸಂಕೀರ್ಣದ ಶಿಲೆಗಳಲ್ಲಿ ಸಫಿರೀನ್ ಎಂಬ ಖನಿಜ ಮತ್ತು ಬೆಣಚುಕಲ್ಲು ಒಟ್ಟಿಗಿರುವುದೇ 900 ಡಿಗ್ರಿ ಮೀರಿದ ಕಾವಿಗೆ ಸಾಕ್ಷಿ. ಅಂಥಲ್ಲಿ ನಿಧಾನವಾಗಿ ಚಲಿಸುವ ಅಲ್ಯುಮಿನಿಯಮ್ ಆರ್ಥೊಪೈರಾಕ್ಸೀನ್‌ನಲ್ಲಿ ಎಷ್ಟಿದೆ ಎಂದು ನೋಡುವುದು ಹೆಚ್ಚು ನಂಬಿಕೆಯ ದಾರಿ.

ಸಿಕ್ಕಿಂ

ಸಿಕ್ಕಿಂ ಹಿಮಾಲಯದಲ್ಲಿ ತೀಸ್ತಾ ಕಣಿವೆಯ ಕೆಳಗಿನಿಂದ ಮೇಲಿನ ಶಿಲಾಸ್ತರಗಳತ್ತ ಸಾಗಿದರೆ ಬ್ಯಾರೋ ಕಂಡ ಸರದಿಯೇ ಕಾಣುತ್ತದೆ, ಆದರೆ ತಲೆಕೆಳಗಾಗಿ. ಕೆಳಗೆ ಕ್ಲೋರೈಟ್, ಮೇಲೆ ಸಿಲಿಮನೈಟ್. ಆಳಕ್ಕೆ ಹೋದಷ್ಟೂ ಕಾವು ಹೆಚ್ಚಬೇಕು. ಇಲ್ಲಿ ಮೇಲೇರಿದಷ್ಟೂ ಹೆಚ್ಚಿದೆ. ಗಾರ್ನೆಟ್ ವಲಯದ 500 ಡಿಗ್ರಿ ಆಸುಪಾಸಿನಿಂದ ಮೇಲಿನ ವಲಯಗಳಲ್ಲಿ 700 ಡಿಗ್ರಿ ದಾಟುವುದನ್ನು ಉಷ್ಣತಾಮಾಪನ ಖಚಿತಪಡಿಸಿತು. ಬಿಸಿಯಾದ ಆಳದ ಶಿಲೆಗಳು ಮುಖ್ಯ ಕೇಂದ್ರೀಯ ಒತ್ತುಬಿರುಕು ಎಂಬ ಸ್ತರಭಂಗದ ಗುಂಟ ಜಾರಿ ತಣ್ಣಗಿನ ಶಿಲೆಗಳ ಮೇಲೇರಿದ ಹಿಮಾಲಯದ ಕಥೆಗೆ ಈ ಸಂಖ್ಯೆಗಳು ಆಧಾರ.

ಕಬ್ಬಾಳದುರ್ಗ

ಕನಕಪುರ ತಾಲ್ಲೂಕಿನ ಕಬ್ಬಾಳದುರ್ಗದ ಕಲ್ಲುಕ್ವಾರಿಯಲ್ಲಿ ಬೂದುಬಣ್ಣದ ನೈಸ್ ಶಿಲೆಯ ಮೈಮೇಲೆ ಹಸಿರುಗಪ್ಪು ತೇಪೆಗಳೂ ಪಟ್ಟಿಗಳೂ ಹರಡಿವೆ. ನೈಸ್‌ನ ಪದರಗೆರೆಗಳು ತೇಪೆಯ ಅಂಚಿಗೆ ಬಂದು ಮಸುಕಾಗಿ, ಒಳಗೆ ಮಾಯವಾಗುತ್ತವೆ. ಆ ಕಪ್ಪು ತೇಪೆಯೇ ಚಾರ್ನೊಕೈಟ್. ಕೋಲ್ಕತ್ತದಲ್ಲಿರುವ ಜಾಬ್ ಚಾರ್ನಾಕ್‌ನ ಸಮಾಧಿಗಲ್ಲು ಇದೇ ಬಗೆಯದಾಗಿದ್ದರಿಂದ ಟಿ. ಎಚ್. ಹಾಲೆಂಡ್ ಈ ಹೆಸರು ಕೊಟ್ಟರು. 1960ರಲ್ಲಿ ಸಿ. ಎಸ್. ಪಿಚ್ಚಮುತ್ತು ಅವರು ಕಬ್ಬಾಳದಲ್ಲಿ ನೈಸ್ ಚಾರ್ನೊಕೈಟ್ ಆಗಿ ಬದಲಾಗುತ್ತಿರುವುದು ಕಣ್ಣೆದುರೇ ಇದೆ ಎಂದು ಜಗತ್ತಿಗೆ ತಿಳಿಸಿದರು.

ಚಾರ್ನೊಕೈಟ್ ಗ್ರಾನ್ಯುಲೈಟ್ ದರ್ಜೆಯ ಶಿಲೆ, ನೈಸ್ ಅದಕ್ಕಿಂತ ಕೆಳಗಿನ ಆಂಫಿಬೋಲೈಟ್ ದರ್ಜೆಯದು. ಹಾಗಾದರೆ ತೇಪೆ ಹೆಚ್ಚು ಬಿಸಿಯಾಗಿತ್ತೇ? ಒಂದೆರಡು ಅಡಿ ಅಂತರದಲ್ಲಿ ಕಾವು ಅಷ್ಟು ಬದಲಾಗಿ ದೀರ್ಘಕಾಲ ಹಾಗೇ ನಿಲ್ಲುವುದು ಸಾಧ್ಯವಿಲ್ಲ. ಈ ಭಾಗದ ಶಿಲೆಗಳ ಖನಿಜ ಜೋಡಿಗಳು ಕೊಟ್ಟ ಉತ್ತರ ಸುಮಾರು 700-750 ಡಿಗ್ರಿ. ಒತ್ತಡ 5-6 ಕಿಲೋಬಾರ್, ಅಂದರೆ ಸುಮಾರು 20 ಕಿಲೋಮೀಟರ್ ಆಳ. ಮೈಸೂರು ವಿಶ್ವವಿದ್ಯಾನಿಲಯದ ಎ. ಎಸ್. ಜನಾರ್ದನ, ಷಿಕಾಗೋದ ರಾಬರ್ಟ್ ನ್ಯೂಟನ್ ಮತ್ತು ಜೋಸೆಫ್ ಸ್ಮಿತ್ 1979ರಲ್ಲಿ ನೈಸ್ ಚಾರ್ನೊಕೈಟ್ ಆದುದಕ್ಕೆ ಬೇರೆ ಕಾರಣ ಮುಂದಿಟ್ಟರು. ಬಿರುಕುಗಳ ಗುಂಟ ಇಂಗಾಲದ ಡೈಆಕ್ಸೈಡ್ ಹೆಚ್ಚಿದ್ದ ದ್ರವ ಹರಿದು, ಅಲ್ಲಿನ ನೀರಿನ ಪ್ರಭಾವವನ್ನು ತಗ್ಗಿಸಿತು. ಆಗ ನೀರಿನಂಶವುಳ್ಳ ಬಯೋಟೈಟ್, ಹಾರ್ನ್‌ಬ್ಲೆಂಡ್‌ಗಳು ಬೆಣಚುಕಲ್ಲಿನೊಂದಿಗೆ ಕೂಡಿ ನೀರನ್ನು ಬಿಟ್ಟುಕೊಟ್ಟು ಆರ್ಥೊಪೈರಾಕ್ಸೀನ್ ಆದವು. ಶಿಲೆಯ ಹರಳುಗಳೊಳಗೆ ಸಿಕ್ಕಿಬಿದ್ದ ಸೂಕ್ಷ್ಮ ದ್ರವಬಿಂದುಗಳಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿರುವುದು ಇದಕ್ಕೆ ಬೆಂಬಲ ನೀಡಿತು. ದ್ರವ ಎಲ್ಲಿಂದ ಬಂತು, ಎಷ್ಟು ಬಂತು ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಅಕ್ಕಪಕ್ಕದ ಈ ಎರಡು ಶಿಲೆಗಳನ್ನು ಬೇರೆ ಮಾಡಿದ್ದು ಕಾವಿನ ವ್ಯತ್ಯಾಸವಲ್ಲ ಎಂಬುದು ಗಟ್ಟಿಯಾಗಿದೆ.

ಸಂಖ್ಯೆಯನ್ನು ಓದುವ ಬಗೆ

ಗಾರ್ನೆಟ್-ಬಯೋಟೈಟ್ ಲೆಕ್ಕದಲ್ಲಿ ಸಾಮಾನ್ಯವಾಗಿ ಐವತ್ತು ಡಿಗ್ರಿ ಅತ್ತಿತ್ತ ಆಗಬಹುದೆಂದು ಒಪ್ಪಿಕೊಂಡಿದ್ದಾರೆ. ಒಂದೇ ಸೂತ್ರದಿಂದ ಒಂದೇ ಪ್ರದೇಶದ ಶಿಲೆಗಳನ್ನು ಹೋಲಿಸಿದಾಗ ದೋಷ ಇದಕ್ಕಿಂತ ಕಡಿಮೆ. ಏಕೆಂದರೆ ಸೂತ್ರದ ತಪ್ಪು ಎಲ್ಲ ಮಾದರಿಗಳಿಗೂ ಒಂದೇ ಕಡೆಗೆ ವಾಲುತ್ತದೆ. ಆದ್ದರಿಂದ 723 ಡಿಗ್ರಿ ಎಂದು ಬರೆದ ವರದಿಗಿಂತ, ಯಾವ ಖನಿಜದ ಯಾವ ಭಾಗ ಅಳೆದದ್ದು, ಆ ಜೋಡಿ ಸಮತೋಲದಲ್ಲಿತ್ತು ಎಂಬುದಕ್ಕೆ ತೆಳುಸೀಳಿನ ಸಾಕ್ಷ್ಯವೇನು, ಯಾವ ಸೂತ್ರ, ಯಾವ ಒತ್ತಡ ಎಂಬುದನ್ನು ಹೇಳಿ 700ರ ಆಸುಪಾಸು ಎಂದು ಬರೆದ ವರದಿಯೇ ಹೆಚ್ಚು ಬೆಲೆಯುಳ್ಳದ್ದು. ಈ ನಾಲ್ಕೂ ವಿವರ ಜೊತೆಗಿದ್ದರೆ, ಮುಂದೆ ಹೊಸ ಸೂತ್ರ ಬಂದಾಗ ಹಳೆಯ ಅಳತೆಯನ್ನು ಮತ್ತೆ ಲೆಕ್ಕಕ್ಕೆ ಹಾಕಬಹುದು. 1980ರ ದಶಕದಲ್ಲಿ ಪ್ರಕಟವಾದ ಎಷ್ಟೋ ವಿಶ್ಲೇಷಣೆಗಳು ಇಂದಿಗೂ ಉಪಯೋಗಕ್ಕೆ ಬರುತ್ತಿರುವುದು ಅವುಗಳ ಜೊತೆ ಈ ವಿವರಗಳು ಉಳಿದಿರುವುದರಿಂದಲೇ.